ಮುಗಿಲ ಕಣ್ಣಿಗೆ ಕಾಣದ ಹರವಿ

ರೋಗ ಹರಡುವ ಸೊಳ್ಳೆಗಳ ಮೇಲೆ ಕೃತಕ ಉಪಗ್ರಹಗಳಿಂದ ಕಣ್ಣಿಡಬಹುದೆಂಬ ಮಾತು ಈಚೆಗೆ ವಿದ್ಯಾವಂತರ ನಡುವೆ ಬಳಕೆಗೆ ಬಂದಿದೆ. ಮಾತು ಸುಳ್ಳಲ್ಲ. ಆದರೆ ಅದರ ಮಿತಿಯನ್ನು ಅರಿಯದೆ ಒಪ್ಪಿಕೊಂಡರೆ, ಗದಗ ಸೀಮೆಯಂಥ ಬಯಲುನಾಡಿಗೆ ಅದರಿಂದ ಲಾಭಕ್ಕಿಂತ ಭ್ರಮೆಯೇ ಹೆಚ್ಚಾದೀತೆಂದು ನನ್ನ ಅಭಿಪ್ರಾಯ.

ಉಪಗ್ರಹವು ಸೊಳ್ಳೆಯನ್ನು ಕಾಣುವುದಿಲ್ಲ. ಅದು ಕಾಣುವುದು ನೀರಿನ ಹರವು, ನೆಲದ ತೇವ, ಪೈರಿನ ಹಸುರು, ಭೂಮಿಯ ಕಾವು ಇಷ್ಟನ್ನೇ. ಇವುಗಳ ಏರಿಳಿತದಿಂದ ಸೊಳ್ಳೆ ಎಲ್ಲಿ ಹೆಚ್ಚೀತೆಂಬುದನ್ನು ಬಲ್ಲವರು ಊಹಿಸುತ್ತಾರೆ. ಆ ಊಹೆ ಪೊಳ್ಳಲ್ಲವೆಂಬುದಕ್ಕೆ ನಿದರ್ಶನವುಂಟು. 2006ರಲ್ಲಿ ಪೂರ್ವ ಆಫ್ರಿಕದ ಮಳೆ ಮತ್ತು ಹಸುರನ್ನು ಉಪಗ್ರಹದಿಂದ ಅಳೆದ ವಿಜ್ಞಾನಿಗಳು, ದನಕರುಗಳನ್ನೂ ಮನುಷ್ಯರನ್ನೂ ಬಾಧಿಸುವ ರಿಫ್ಟ್ ಕಣಿವೆ ಜ್ವರದ ಮುನ್ಸೂಚನೆ ಕೊಟ್ಟರು; ಆ ವರ್ಷದ ಕೊನೆಗೆ ಜ್ವರ ಬಂದೇ ಬಂದಿತು. ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ 1988ರ ಮಾರ್ಚ್ 17ರಂದೇ ಬಾನಿಗೇರಿತು.

ಈ ಕಣ್ಣಿಗೆ ನಮ್ಮಲ್ಲಿಯೂ ಕೆಲಸವುಂಟು. ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜು ಸಿಂಗಟಾಲೂರು ಏತ ನೀರಾವರಿಗೆ ಆಧಾರವಾಗಿದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಚಳಿಗಾಲದಲ್ಲಿ ಹಿಮಾಲಯದಾಚೆಯ ಪಟ್ಟೆತಲೆ ಹೆಬ್ಬಾತುಗಳನ್ನು ಕರೆಯುವಷ್ಟು ವಿಶಾಲವಾದುದು. ಹೊಸ ನೀರು ಬಂದಲ್ಲಿ ಬೆಳೆಯೊಡನೆ ಮಲೇರಿಯವೂ ಬರಬಹುದೆಂಬ ಪಾಠವನ್ನು 1930ರ ದಶಕದಲ್ಲಿ ಇರ್ವಿನ್ ನಾಲೆಯ ಬಯಲಾದ ಮಂಡ್ಯ ಸೀಮೆ ಕಲಿತಿತ್ತು. ಕಾಲುವೆಯ ಜವುಗು ಎಲ್ಲಿ ನಿಂತಿದೆ, ಯಾವ ಕೆರೆಯ ಅಂಚು ಹೂಳಿನಿಂದ ಕೊಳೆಯುತ್ತಿದೆ ಎಂಬುದನ್ನು ಮೇಲಿನಿಂದ ನೋಡಿ ಹೇಳುವ ಕಣ್ಣನ್ನು ಯಾರು ಬೇಡವೆಂದಾರು?

ಆದರೆ ಇಂದು ನಮ್ಮ ಊರುಗಳನ್ನು ಹೆಚ್ಚಾಗಿ ಹೆದರಿಸುವುದು ಡೆಂಗಿ ಮತ್ತು ಚಿಕುನ್‌ಗುನ್ಯಾ. 2006ರಲ್ಲಿ ಚಿಕುನ್‌ಗುನ್ಯಾದ ಶಂಕಿತ ರೋಗಿಗಳು ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೆ ಮಿಕ್ಕಿದ್ದರು. ಇವೆರಡನ್ನೂ ಹರಡುವ ಈಡಿಸ್ ಸೊಳ್ಳೆಗೆ ಕೆರೆ ಬೇಕಿಲ್ಲ, ಗದ್ದೆ ಬೇಕಿಲ್ಲ. ಅದಕ್ಕೆ ಮನೆಯೊಳಗಿನ ತಿಳಿನೀರು ಸಾಕು. ಹರವಿ, ಹಂಡೆ, ಬ್ಯಾರಲ್, ಬಚ್ಚಲ ತೊಟ್ಟಿ ಇವೇ ಅದರ ತೊಟ್ಟಿಲು. ಹಗಲಿನಲ್ಲಿ ಕಚ್ಚುವ ಈ ಸೊಳ್ಳೆ ತಾನು ಹುಟ್ಟಿದ ಓಣಿಯನ್ನು ಬಿಟ್ಟು ದೂರ ಹಾರುವುದೂ ಅಪರೂಪ. ಇಂದಿನ ಉಪಗ್ರಹದ ದೃಷ್ಟಿ ಮಾಳಿಗೆಯ ಮೇಲಿನ ಟಾಕಿಯನ್ನು ಗುರುತಿಸುವಷ್ಟು ಚುರುಕಾಗಿದ್ದರೂ, ಮಾಳಿಗೆಯ ಕೆಳಗಿನ ಹರವಿಯನ್ನು ಕಾಣಲಾರದು.

ಇಲ್ಲಿ ಒಂದು ಸರಳವಾದ ಲೆಕ್ಕವಿದೆ. ಈಡಿಸ್ ಸೊಳ್ಳೆಯ ಮೊಟ್ಟೆ ಒಡೆದು, ಮರಿಹುಳುವಾಗಿ, ರೆಕ್ಕೆ ಮೂಡಿ ಹಾರಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ತಿಕ್ಕಿ ಒಣಗಿಸಿರೆಂದು ಆರೋಗ್ಯ ಇಲಾಖೆ ಹೇಳುತ್ತದೆ. ಉಪದೇಶ ಸರಿಯಾದುದೇ. ಆದರೆ ಗದಗ-ಬೆಟಗೇರಿಯ ಜನ ನಳದ ನೀರಿಗಾಗಿ ಹತ್ತು ಹದಿನೈದು ದಿನ ಕಾದ ಬೇಸಿಗೆಗಳನ್ನು ಕಂಡವರು. ಮುಂದಿನ ನೀರು ಎಂದು ಬರುವುದೋ ತಿಳಿಯದ ಗೃಹಿಣಿ, ಇದ್ದ ನೀರನ್ನು ಎಂಟನೆಯ ದಿನಕ್ಕೆ ಚೆಲ್ಲುವಳೆ? ನಳದ ಗಡುವು ಸೊಳ್ಳೆಯ ಗಡುವಿಗಿಂತ ದೀರ್ಘವಾದಾಗ ಗೆಲವು ಸೊಳ್ಳೆಯದೇ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಗೊಡುವ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಅಸಡ್ಡೆಗೆ ದಂಡ ತೆರುವುದು ನ್ಯಾಯ. ಅಭಾವಕ್ಕೆ ದಂಡ ತೆರುವುದು ಯಾವ ನ್ಯಾಯ? ಬೆಟಗೇರಿಯ ನೇಕಾರನು ನೀರು ಕೂಡಿಡುವುದು ಸೊಳ್ಳೆ ಸಾಕಲೆಂದಲ್ಲ.

ಒಂದೇ ಆಯುಧವನ್ನು ನಂಬಿ ಕುಳಿತುದರ ಫಲವನ್ನು ನಾವು ಹಿಂದೆಯೇ ಉಂಡಿದ್ದೇವೆ. 1953ರಲ್ಲಿ ಡಿ.ಡಿ.ಟಿ. ಹಿಡಿದು ಮಲೇರಿಯದ ಮೇಲೆ ದಂಡೆತ್ತಿ, 1958ರಲ್ಲಿ ನಿರ್ಮೂಲನದ ಶಪಥ ತೊಟ್ಟೆವು. ಅರುವತ್ತರ ದಶಕದ ಮೊದಲಿಗೆ ರೋಗವು ಕೈಬೆರಳೆಣಿಕೆಗೆ ಬಂದಂತೆಯೇ ತೋರಿತು. ಸೊಳ್ಳೆ ಡಿ.ಡಿ.ಟಿ.ಯನ್ನು ತಾಳಿಕೊಳ್ಳಲು ಕಲಿತಿತು. ನಮ್ಮ ಮನೆಮನೆಯ ತಪಾಸಣೆ ಸಡಿಲಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷವನ್ನು ಮುಟ್ಟಿತು.

ಆದುದರಿಂದ ಉಪಗ್ರಹದ ಚಿತ್ರ ಬರಲಿ. ಆದರೆ ಅದರ ಮೇಲೆ ಇನ್ನೊಂದು ನಕಾಶೆಯನ್ನು ಹಾಸಬೇಕು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂಬ ಲೆಕ್ಕವೇ ಆ ನಕಾಶೆ. ಅದಕ್ಕೆ ರಾಕೆಟ್ಟು ಬೇಡ, ನೀರು ಬಿಡುವವನ ದಿನಚರಿ ಪುಸ್ತಕ ಸಾಕು. ಮನೆಮನೆಗೆ ಹೋಗಿ ಹರವಿಯೊಳಗೆ ಇಣುಕುವ ಆಶಾ ಕಾರ್ಯಕರ್ತೆಯ ಟಿಪ್ಪಣಿಯನ್ನೂ ಅದರಲ್ಲಿ ಸೇರಿಸಬೇಕು. ವಾರಕ್ಕಿಂತ ತಡವಾಗಿ ನೀರು ಕಾಣುವ ಓಣಿಗಳಿಗೆ ಮೊದಲು ನಳ ಹರಿಯಲಿ. ಅಲ್ಲಿಯವರೆಗೆ ಪಾತ್ರೆಯ ಬಾಯಿಗೆ ಬಿಗಿಯಾದ ಬಟ್ಟೆ, ದೊಡ್ಡ ತೊಟ್ಟಿಗೆ ಮರಿಹುಳು ತಿನ್ನುವ ಗಪ್ಪಿ ಮೀನು ಇರಲಿ.

ಮುಗಿಲಿನಿಂದ ನೋಡುವವನಿಗೆ ನಾಡು ಕಾಣುತ್ತದೆ, ಮನೆ ಕಾಣುವುದಿಲ್ಲ. ಡೆಂಗಿ ಹುಟ್ಟುವುದು ಮನೆಯಲ್ಲಿ. ವಾರ ತಪ್ಪದೆ ಬರುವ ನಳದ ನೀರೇ ಅದಕ್ಕೆ ಮೊದಲ ಮದ್ದು.