ಆಫೀಸಿನ ಫೋನಿನಿಂದ 112 ಹೋಗುತ್ತದೆಯೇ?

ಪುಣೆಯ ಕಂಪನಿಗಳಿಗೆ ಐಪಿ ಫೋನ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಊರು ವಿಜಯಪುರ, ಮನೆ ನಿಗಡಿಯಲ್ಲಿ, ಓಡಾಟ ಭೋಸರಿ, ಚಾಕಣದ ಕಾರ್ಖಾನೆಗಳಿಂದ ಖರಾಡಿಯ ಕಾಲ್ ಸೆಂಟರ್‌ಗಳವರೆಗೆ. ಹೊಸ ಆಫೀಸು ಶುರುವಾಯಿತೆಂದರೆ ಹೆಡ್‌ಸೆಟ್ ವಯರಿನದೋ ಬ್ಲೂಟೂತೋ, ರಿಸೆಪ್ಷನ್ ಫೋನಿನ ಪಕ್ಕಕ್ಕೆ ಎಷ್ಟು ಬಟನ್ನಿನ ಮಾಡ್ಯೂಲ್ ಎಂದು ಮೀಟಿಂಗ್ ಮೇಲೆ ಮೀಟಿಂಗ್ ನಡೆಯುತ್ತವೆ. ಈ ಫೋನಿನಲ್ಲಿ ತುರ್ತು ಸಹಾಯದ 112 ಒತ್ತಿದರೆ ಏನಾಗುತ್ತದೆ ಎಂದು ಮಾತ್ರ ಯಾವ ಗಿರಾಕಿಯೂ ಕೇಳುವುದಿಲ್ಲ.

ಸಣ್ಣ ಕಾರ್ಖಾನೆಗಳಲ್ಲಿ ಎಕ್ಸ್‌ಟೆನ್ಷನ್‌ಗಳು ಮೂರಂಕಿಯವು, 100ರಿಂದ ಶುರು. ಹಾಗಾಗಿ ಬೆಂಕಿ ಬಿತ್ತೆಂದು 101 ಒತ್ತಿದರೆ ಸಾಹೇಬರ ಕ್ಯಾಬಿನ್ನಿನಲ್ಲಿ ಗಂಟೆ ಬಾರಿಸುತ್ತದೆ. 108 ಕ್ಯಾಂಟೀನಿನದು, 112 ಸ್ಟೋರಿನದು. ಇಡೀ ಮಹಾರಾಷ್ಟ್ರದ 108 ಆಂಬ್ಯುಲೆನ್ಸ್ ಕರೆಗಳನ್ನು ಸ್ವೀಕರಿಸುವ ಕೇಂದ್ರ ಇರುವುದು ಇದೇ ಪುಣೆಯ ಔಂಧ್‌ನಲ್ಲಿ. ನಮ್ಮ ಫೋನು ಮುಟ್ಟುವುದು ಚಹಾ ಕಾಯಿಸುವವನನ್ನು! ಎಕ್ಸ್‌ಟೆನ್ಷನ್‌ಗಳನ್ನು 2ರಿಂದಲೋ 3ರಿಂದಲೋ ಶುರುಮಾಡಿದರೆ ಈ ತೊಡಕೇ ಇಲ್ಲ. ಸಾಹೇಬರಿಂದ 101 ಬಿಡಿಸುವುದೇ ಕಷ್ಟ. ಒಬ್ಬರು 301ಕ್ಕೆ ಒಪ್ಪಿದರು, 300 ಯಾರಿಗೂ ಕೊಡಕೂಡದು ಎಂಬ ಷರತ್ತಿನ ಮೇಲೆ.

ದೊಡ್ಡ ಕಂಪನಿಗಳದ್ದು ಬೇರೆ ಗೋಳು. ಎಕ್ಸ್‌ಟೆನ್ಷನ್‌ಗಳು ನಾಲ್ಕಂಕಿಯವು, ಹೊರಗಿನ ಕರೆಗೆ ಮೊದಲು 0 ಒತ್ತಬೇಕು. ಬರೀ 112 ಒತ್ತಿದರೆ ಫೋನು ನಾಲ್ಕನೆಯ ಅಂಕಿಗಾಗಿ ಕಾದು ಕೊನೆಗೆ ಕೊಂಯ್ ಎನ್ನುತ್ತದೆ. ಹೊರಗಿನ ಲೈನು ಬೆಂಗಳೂರಿನ ಹೆಡ್ ಆಫೀಸಿನಲ್ಲಿದ್ದರಂತೂ ಪುಣೆಯ ಹಿಂಜವಡಿಯಲ್ಲಿ ಕುಸಿದು ಬಿದ್ದವನ ಸಲುವಾಗಿ ಮಾಡಿದ ಕರೆ ಕರ್ನಾಟಕದ ಕಂಟ್ರೋಲ್ ರೂಮಿಗೆ ಹೋದೀತು. ಅಲ್ಲಿ ಕನ್ನಡ ಕೇಳಿಸುತ್ತದೆ, ನಿಜ. ಆಂಬ್ಯುಲೆನ್ಸ್ ಬರಬೇಕಲ್ಲ?

ಮೊದಲು ಒಂದು ಅಂಕಿ ಒತ್ತಬೇಕಾದ ಇದೇ ಗೋಳು ಅಮೆರಿಕದಲ್ಲಿ ಒಂದು ಜೀವ ಹೋದಾಗ ಅಲ್ಲಿಯವರ ಕಣ್ಣಿಗೆ ಬಿತ್ತು. 2013ರ ಡಿಸೆಂಬರಿನಲ್ಲಿ ಟೆಕ್ಸಾಸ್‌ನ ಮಾರ್ಷಲ್ ಪಟ್ಟಣದ ಹೋಟೆಲಿನಲ್ಲಿ ಕೇರಿ ಹಂಟ್ ಎಂಬಾಕೆಯ ಮೇಲೆ ಹಲ್ಲೆಯಾಗುತ್ತಿದ್ದಾಗ ಒಂಬತ್ತು ವರ್ಷದ ಮಗಳು ಅಲ್ಲಿಯ ತುರ್ತು ನಂಬರಾದ 911 ಅನ್ನು ಮತ್ತೆ ಮತ್ತೆ ಒತ್ತಿದಳು. ಅಲ್ಲಿ ಹೊರಗಿನ ಕರೆಗೆ ಮೊದಲು 9 ಒತ್ತಬೇಕಿತ್ತು. ಕರೆ ಹೋಗಲಿಲ್ಲ, ತಾಯಿ ಉಳಿಯಲಿಲ್ಲ. 2018ರಲ್ಲಿ ಆಕೆಯ ಹೆಸರಿನಲ್ಲೇ ಕಾನೂನಾಯಿತು. 2020ರ ಫೆಬ್ರುವರಿಯಿಂದ ಅಲ್ಲಿ ಹಾಕುವ ಯಾವುದೇ ಆಫೀಸು ಫೋನ್ ವ್ಯವಸ್ಥೆಯಲ್ಲಿ 911 ನೇರವಾಗಿ ಹೋಗಲೇಬೇಕು, ಜೊತೆಗೆ ಕಟ್ಟಡದ ಒಳಗೋ ಹೊರಗೋ ಗೊತ್ತುಪಡಿಸಿದ ಒಬ್ಬರಿಗೆ ಆ ಸುದ್ದಿ ಮುಟ್ಟಬೇಕು.

‘ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ’ ಎನ್ನುವವರು ಒಮ್ಮೆ ಖರಾಡಿಗೆ ಬರಲಿ. ಗಿರಾಕಿಗಳ ಕಾರ್ಡ್ ನಂಬರು ನೋಡುವ ಫ್ಲೋರುಗಳಲ್ಲಿ ಮೊಬೈಲನ್ನು ಲಾಕರಿನಲ್ಲಿಟ್ಟೇ ಒಳಗೆ ಹೋಗಬೇಕು. ಚಾಕಣದ ಎಷ್ಟೋ ಕಾರ್ಖಾನೆಗಳಲ್ಲಿ ಗೇಟಿನ ಸೆಕ್ಯುರಿಟಿ ಕಾಕಾ ಅದನ್ನು ಇಸಿದುಕೊಂಡು ಟೋಕನ್ ಕೊಡುತ್ತಾರೆ. ಒಳಗಿರುವವರ ಕೈಗೆ ಸಿಗುವುದು ಗೋಡೆಯ ಮೇಲಿನ ಈ ಫೋನೊಂದೇ.

ಅದಕ್ಕೂ ಕರೆಂಟು ಬೇಕು. ಹಳೆಯ ಫೋನಿಗೆ ಟೆಲಿಫೋನ್ ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿ ತಂತಿಯಲ್ಲೇ ಜೀವ ತುಂಬುತ್ತಿತ್ತು, ಊರೆಲ್ಲ ಕತ್ತಲಾದರೂ ಡಯಲ್ ಟೋನ್ ಇರುತ್ತಿತ್ತು. ಐಪಿ ಫೋನು ಉಣ್ಣುವುದು ನೆಟ್‌ವರ್ಕ್ ಸ್ವಿಚ್ಚಿನಿಂದ. ಸರ್ವರ್ ರೂಮಿಗೆ ಯುಪಿಎಸ್ ಇದ್ದೇ ಇರುತ್ತದೆ. ಗೇಟಿನ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತ ಕೂತ ಎಂಟು ಪೋರ್ಟಿನ ಸ್ವಿಚ್ಚಿಗೆ ಯಾರೂ ಹಾಕುವುದಿಲ್ಲ. ಭೋಸರಿಯ ವಾರದ ರಜೆ ಗುರುವಾರ, ವಿದ್ಯುತ್ ಕಂಪನಿ ಮಹಾವಿತರಣದ ರಿಪೇರಿಯೂ ಅಂದೇ. ಅಂಥ ದಿನ ಅಷ್ಟು ದೊಡ್ಡ ಶೆಡ್ಡಿನಲ್ಲಿ ಕಾಕಾ ಒಬ್ಬರೇ, ಎದುರಿಗೆ ಸತ್ತ ಫೋನು.

ನಮ್ಮಲ್ಲೂ ಕಾನೂನು ಬರಲಿ. ಅಲ್ಲಿಯವರೆಗೆ ಹೊಸದೇನೂ ಕಟ್ಟಬೇಕಿಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯಿದೆಯಂತೆ ಪ್ರತಿ ಜನವರಿ, ಜುಲೈಯಲ್ಲಿ ಅಗ್ನಿ ಸುರಕ್ಷತಾ ಸಾಧನಗಳು ಸರಿಯಾಗಿವೆ ಎಂಬ ‘ಫಾರ್ಮ್ ಬಿ’ ಕೊಡಲೇಬೇಕು. ಅಗ್ನಿಶಾಮಕ ಸಿಲಿಂಡರ್ ನೋಡಲು ಬಂದವರೇ ಗೇಟಿನ ಫೋನನ್ನೂ ಎತ್ತಿ ನೋಡಲಿ: ಮೇನ್ ಸ್ವಿಚ್ ಆಫ್ ಮಾಡಿ 112 ಒತ್ತುವುದು, ಎತ್ತಿದವರಿಗೆ ‘ಟೆಸ್ಟ್ ಕಾಲ್’ ಎಂದು ಹೇಳಿ ಅವರಿಗೆ ಕಾಣುತ್ತಿರುವ ನಂಬರು, ಊರು ಕೇಳಿ ಬರೆದುಕೊಳ್ಳುವುದು. ಎರಡು ನಿಮಿಷದ ಕೆಲಸ. ಇದಕ್ಕೆ ನಾನು ಬಿಲ್ ಹಾಕುವುದಿಲ್ಲ.