ಒಂದು ರೂಮು, ಇಬ್ಬರು ಹುಡುಗರು, ಒಂದು ಕಾಫಿ ಫಿಲ್ಟರ್

ಹ್ಯಾರೋ-ಆನ್-ದ-ಹಿಲ್ ಸ್ಟೇಷನ್ನಿನಲ್ಲಿ ಮೆಟ್ರೋಪಾಲಿಟನ್ ಲೈನ್ ಹತ್ತಿ ಪುಸ್ತಕ ಬಿಚ್ಚಿದರೆ ಬೇಕರ್ ಸ್ಟ್ರೀಟ್ ಬರುವುದರೊಳಗೆ ಒಂದು ಅಧ್ಯಾಯ ಆರಾಮಾಗಿ ಮುಗಿಯುತ್ತದೆ. ಕಳೆದ ವಾರ ಹಾಗೆ ಓದ್ತಾ ಓದ್ತಾ ಕಿಸಕ್ಕನೆ ನಕ್ಕುಬಿಟ್ಟೆ. ಎದುರಿಗೆ ಕೂತಿದ್ದ ಗುಜರಾತಿ ಅಜ್ಜಿ ನನ್ನನ್ನ ಒಂಥರಾ ನೋಡಿ ಚೀಲವನ್ನ ಹತ್ತಿರ ಎಳಕೊಂಡರು.

ತಪ್ಪು ನನ್ನದಲ್ಲ, ಪುಸ್ತಕದ್ದು. ಒಂದೇ ಫ್ಲ್ಯಾಟಿನಲ್ಲಿ ಇಬ್ಬರು ಹುಡುಗರು. ಒಬ್ಬ ಮಸಾಲೆ ಡಬ್ಬಿಗಳಿಗೆಲ್ಲ ಲೇಬಲ್ ಅಂಟಿಸಿ ಸಾಲಾಗಿ ಜೋಡಿಸುವವನು. ಇನ್ನೊಬ್ಬ ಒದ್ದೆ ಟವೆಲ್ಲನ್ನು ಸೋಫಾ ಮೇಲೆ ಎಸೆಯುವವನು. ಮುನ್ನೂರು ಪುಟ ಜಗಳ ಆಡಿ, ಕೊನೆಗೆ ಇಬ್ಬರಿಗೂ ಪ್ರೀತಿಯಾಗುತ್ತದೆ. ಅಷ್ಟೇ ಕತೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಹತ್ತನೇ ಪುಟದಲ್ಲೇ ಕೊನೆ ಗೊತ್ತಾಗಿಬಿಡುತ್ತೆ. ನಾಯಕಿಯ ಜಾಗದಲ್ಲೂ ಒಬ್ಬ ಹುಡುಗ ಇದ್ದಾನೆ, ವ್ಯತ್ಯಾಸ ಅದೊಂದೇ.

ಇಂಥ ಪುಸ್ತಕ ನಾನಾಗಿ ಕೊಳ್ಳೋನಲ್ಲ. ಕಳಿಸಿದ್ದು ನನ್ನ ಹಳೇ ರೂಮ್‌ಮೇಟು. ಅವನನ್ನ ಕೇಳಿಯೇ ಇದನ್ನ ಬರೀತಿದೀನಿ. ಹೆಸರು ಮಾತ್ರ ಬೇಡ ಅಂದಿದಾನೆ.

2004ರಲ್ಲಿ ಹ್ಯಾರೋಗೆ ಬಂದಾಗ ಸ್ಟೇಷನ್ ರೋಡಿನ ಹತ್ತಿರ ಅಂಗಡಿಯೊಂದರ ಮೇಲಿನ ಫ್ಲ್ಯಾಟಿನಲ್ಲಿ ನಾವಿಬ್ಬರೂ ಬಾಡಿಗೆ ಹಂಚಿಕೊಂಡಿದ್ವಿ. ನಾನು ಮಂಡ್ಯದ ಕಡೆಯವನು, ಅವನು ಮಲೆನಾಡಿನವನು. ನಾನು ಕೆಂಟನ್ನಿನ ಅಂಗಡಿಗಳಲ್ಲಿ ರಾಗಿಹಿಟ್ಟು ಹುಡುಕೋನು, ಅವನು ಊರಿಂದ ತಂದ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸೋನು. ನನ್ನ ಇನ್‌ಸ್ಟಂಟ್ ಕಾಫಿ ಬಾಟ್ಲಿ ಕಂಡ್ರೆ "ಇದೇನು ಮಾರಾಯ, ಔಷಧಿಯಾ?" ಅನ್ನೋನು. ಟವೆಲ್ ಎಸೀತಿದ್ದೋನು ಯಾರು ಅಂತ ಹೇಳಬೇಕಿಲ್ಲ ತಾನೇ?

ಬಾಡಿಗೆ ಉಳಿಸೋಕೆ ಹೊಂದಾಣಿಕೆಯಿಲ್ಲದ ಇಬ್ಬರು ಒಟ್ಟಿಗಿರೋದು ಲಂಡನ್ನಿಗೆ ಹೊಸದಲ್ಲ. ಬೇಕರ್ ಸ್ಟ್ರೀಟಿನ ಹೋಮ್ಸ್ ಮತ್ತು ವಾಟ್ಸನ್ 1887ರ ಮೊದಲ ಕಾದಂಬರಿಯಲ್ಲಿ ಜೊತೆಯಾಗಿದ್ದೂ ಖರ್ಚು ಹಂಚಿಕೊಳ್ಳೋಕೇ. ಹೋಮ್ಸ್ ಮಹಾಶಯ ಹೊಗೆಸೊಪ್ಪನ್ನ ಚಪ್ಪಲಿಯೊಳಗಿಡ್ತಿದ್ದ, ಬೇಜಾರಾದಾಗ ಗೋಡೆಗೆ ಗುಂಡು ಹೊಡೀತಿದ್ದ. ಅವನೆದುರು ನನ್ನ ಟವೆಲ್ ಏನು ಮಹಾ!

ಆ ವರ್ಷದ ದೀಪಾವಳಿಗೆ ನಮ್ಮ ಫ್ಲ್ಯಾಟಲ್ಲಿ ಹತ್ತಾರು ಕನ್ನಡದ ಹುಡುಗರು ಸೇರಿದ್ರು. ಅಡಿಗೆಮನೆಯಲ್ಲಿ ನಮ್ಮಿಬ್ಬರ ಜಗಳ ಕೇಳಿ ಯಾರೋ "ಏನ್ರೋ, ಗಂಡ ಹೆಂಡ್ತಿ ಥರ ಆಡ್ತೀರಾ" ಅಂದ. ಸಿಕ್ಕಿದ್ದೇ ಅವಕಾಶ ಅಂತ ನಾನು, ಸಿನಿಮಾದಲ್ಲಿ ಕಾಮಿಡಿಯವರು ಮಾಡ್ತಾರಲ್ಲ ಹಾಗೆ, ಸೊಂಟ ಬಳುಕಿಸಿ ಕೈ ತಿರುವಿ "ರೀ, ಊಟಕ್ಕೆ ಬನ್ರೀ" ಅಂತ ರಾಗ ಎಳೆದೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಅವನೂ ನಕ್ಕ. ಆಮೇಲೆ ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯೋಕೆ ಶುರುಮಾಡಿದ. ಇವನಿಗೆ ಶುದ್ಧ ಜಾಸ್ತಿ ಅಂದ್ಕೊಂಡೆ. ಎರಡು ತಿಂಗಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು ಅಂತ ಹೊರಟುಹೋದ. ಫಿಲ್ಟರ್ ಮರೆತು ಹೋಗಿದ್ದ.

ಮತ್ತೆ ಸುದ್ದಿ ಬಂದಿದ್ದು 2015ರಲ್ಲಿ, ಮದುವೆ ಕರೆಯೋಲೆಯಾಗಿ. ಹುಡುಗನ ಜೊತೆ ಮದುವೆ. ಇಲ್ಲಿ ಅಂಥ ಮದುವೆಗಳು 2014ರ ಮಾರ್ಚ್‌ನಿಂದ ನಡೀತಿವೆ. ಕಾರ್ಡ್ ಹಿಡಕೊಂಡು ಕೂತಾಗ ನನಗೆ ನೆನಪಾಗಿದ್ದು ನಲ್ಲಿಯ ಸದ್ದು, ಪಾತ್ರೆಯ ಸದ್ದು.

ಮದುವೆ ದಿನ ಅವನನ್ನ ಪಕ್ಕಕ್ಕೆ ಕರೆದು ಆ ದೀಪಾವಳಿಯ ಮಾತೆತ್ತಿದೆ. ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಒಳ್ಳೆಯವನು ಅಂತ ಗೊತ್ತಿತ್ತು ಕಣೋ. ಅದಕ್ಕೇ ನಿಂಗೊಬ್ಬನಿಗೆ ಹೇಳೋಣ ಅಂತಿದ್ದೆ, ಅದೇ ವಾರ" ಅಂದ. ಆಮೇಲೆ, "ಅದಿರಲಿ, ನನ್ನ ಫಿಲ್ಟರ್ ಎಲ್ಲಿ?" ಅಂದ.

ಊರಿಂದ ಯಾರೂ ಬಂದಿರಲಿಲ್ಲ. ಅಪ್ಪ ಮಾತು ಬಿಟ್ಟಿದ್ರು. ಆರು ತಿಂಗಳಾದ ಮೇಲೆ ಅಮ್ಮ ಫೋನಿನಲ್ಲಿ ಅದೂ ಇದೂ ಮಾತಾಡಿ, ಇಡೋ ಮುಂಚೆ ದನಿ ತಗ್ಗಿಸಿ ಕೇಳಿದ್ರಂತೆ: "ಆ ಹುಡುಗಂಗೆ ಕಡುಬು ಸೇರ್ತದಾ?"

ನೋಡಿ, ಇದು ನಗು ಬರೋ ಮಾತೇ. ಆದ್ರೆ ನಾನು ದೀಪಾವಳಿಗೆ ತರಿಸಿದ ನಗುವಿಗೂ ಇದಕ್ಕೂ ಎಷ್ಟು ದೂರ! 2008ರ 'ದೋಸ್ತಾನಾ'ದಲ್ಲಿ ಮಯಾಮಿಯಲ್ಲಿ ಮನೆ ಸಿಗಲಿ ಅಂತ ಇಬ್ಬರು ಜೋಡಿಯಂತೆ ನಟಿಸ್ತಾರೆ. ಅಲ್ಲಿ ಹಾಗಿರೋದೇ ಒಂದು ಜೋಕು. ನಾನು ಟ್ರೈನಿನಲ್ಲಿ ಓದಿದ ಪುಸ್ತಕದಲ್ಲಿ ಜೋಕು ಒದ್ದೆ ಟವೆಲ್ಲಿನದು. ಇಬ್ಬರು ಹುಡುಗರ ಪ್ರೀತಿ ಅಲ್ಲಿ ಸುಮ್ಮನೆ ಪ್ರೀತಿ.

ಈ ಸುಮ್ಮನೆ ಅನ್ನೋದು ಇಂಗ್ಲಿಷರಿಗೂ ಸುಲಭಕ್ಕೆ ಸಿಗಲಿಲ್ಲ. ಇ.ಎಂ. ಫಾರ್ಸ್ಟರ್ 'ಮಾರಿಸ್' ಬರೆದಿದ್ದು 1913-14ರಲ್ಲಿ. ಒಬ್ಬ ಅನುಕೂಲಸ್ಥ ಮನೆತನದ ಯುವಕ, ಇನ್ನೊಬ್ಬ ಎಸ್ಟೇಟಿನ ಕಾವಲಿನಾಳು. ಕೊನೆಗೆ ಇಬ್ಬರೂ ಒಂದಾಗ್ತಾರೆ. ಯಾರಾದರೂ ನೇಣು ಹಾಕಿಕೊಂಡು ಸತ್ತಿದ್ದರೆ ಪುಸ್ತಕಕ್ಕೆ ತೊಂದರೆ ಇರ್ತಿರಲಿಲ್ಲ ಅನ್ನೋ ಅರ್ಥದ ಮಾತನ್ನ ಅವರೇ ಬರೆದಿಟ್ಟಿದಾರೆ. ಆದ್ರೆ ಸುಖಾಂತ್ಯವೇ ಬೇಕು ಅಂತ ಹಟ ಹಿಡಿದ್ರು. ಹಾಗಾಗಿ ಅದು ಅಚ್ಚಾಗಿದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇಂಗ್ಲೆಂಡಿನಲ್ಲಿ ಅಂಥ ಸಂಬಂಧ ಅಪರಾಧವಲ್ಲ ಅಂತ ಕಾನೂನು ಬದಲಾಗಿದ್ದೇ 1967ರಲ್ಲಿ.

ನಮ್ಮಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಅಲ್ಲೂ ಒಂದೇ ಮನೆಯಲ್ಲಿ ಬಾಳಿದ ಇಬ್ಬರಿದಾರೆ, ಆದ್ರೆ ಕಾರ್ತಿಕ್ ಹುಡುಗಿಯನ್ನ ಮದುವೆಯಾಗಲು ಹೊರಡ್ತಾನೆ, ಮೋಹನಸ್ವಾಮಿ ಉಳೀತಾನೆ. ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು 377ನೇ ಕಲಮನ್ನ ಎತ್ತಿಹಿಡಿದಿತ್ತು ಅನ್ನೋದನ್ನ ನೆನೆದರೆ ಆ ಪುಸ್ತಕದ ಧೈರ್ಯ ಅರ್ಥವಾಗುತ್ತೆ. 2018ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಇದು ಅಪರಾಧವಲ್ಲ ಅಂತು. ಮದುವೆಯ ಹಕ್ಕನ್ನ ಮಾತ್ರ 2023ರಲ್ಲಿ ಕೊಡಲಿಲ್ಲ.

'ಮೋಹನಸ್ವಾಮಿ'ಯ ನೋವು ಬೇಕಿತ್ತು, ಅದಿಲ್ಲದೆ ಬಾಗಿಲು ತೆರೀತಿರಲಿಲ್ಲ. ಈಗ ಆ ಬಾಗಿಲಿಂದ ಒಂದು ತರಲೆ ಪುಸ್ತಕವೂ ಬರಲಿ ಅಂತ ನನ್ನಾಸೆ. ಬೆಂಗಳೂರಿನ ವಿಜಯನಗರದಲ್ಲೊಂದು ರೂಮು, ಮುಗಿದ ಗ್ಯಾಸ್ ಸಿಲಿಂಡರು, ಸೀದ ಉಪ್ಪಿಟ್ಟು, ಮಹಡಿ ಕೆಳಗಿನ ಓನರ್ ಆಂಟಿ... ಕೊನೆಗೆ ಯಾರೂ ಸಾಯದ, ಯಾರೂ ಬಿಟ್ಟುಹೋಗದ ಕತೆ. ಹದಿನೆಂಟರ ಹುಡುಗನೊಬ್ಬ ಅದನ್ನ ಬಸ್ಸಿನಲ್ಲಿ ಓದಿ ಕಿಸಕ್ಕನೆ ನಗಬೇಕು.

ಪುಸ್ತಕದೊಳಗೆ ಒಂದು ಚೀಟಿ ಇತ್ತು: "ಫಿಲ್ಟರ್ ಯಾವಾಗ?" ಈ ಶನಿವಾರ ಉಜ್ಜಿ ತೊಳೆದು ತಗೊಂಡು ಹೋಗ್ತಿದೀನಿ, ಜೊತೆಗೆ ಒಂದು ಚೀಲ ರಾಗಿಹಿಟ್ಟು. ಬದಲಿಗೆ ಒಂದು ಕನ್ನಡ ಪುಸ್ತಕ ಕೊಡಬೇಕು ಅಂತ ಕಪಾಟೆಲ್ಲ ತಡಕಿದೆ, ಆ ಥರದ್ದು ಸಿಗಲಿಲ್ಲ. ನಿಮಗೆ ಯಾವುದಾದರೂ ಗೊತ್ತಿದ್ದರೆ ಶುಕ್ರವಾರದೊಳಗೆ ತಿಳಿಸ್ತೀರಾ?