ನಿಂತ ಗಾಡಿಯ ತೂಕ

ಬೈಕು ಓಡಿಸುವುದನ್ನು ಹೊಸದಾಗಿ ಕಲಿತವರು ಮೊದಲ ಗಾಡಿಯಾಗಿಯೇ ಮಧ್ಯಮ ಗಾತ್ರದ ಅಡ್ವೆಂಚರ್ ಟೂರಿಂಗ್ ಬೈಕನ್ನು ಕೊಳ್ಳಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಎಂಜಿನ್ನಿನ ಶಕ್ತಿಯ ಸುತ್ತಲೇ ತಿರುಗುತ್ತದೆ. ಡಾಂಬರು ರಸ್ತೆಯಲ್ಲಿ ದಿನವಿಡೀ ಓಡಬಲ್ಲ, ಡಾಂಬರು ಮುಗಿದು ಜಲ್ಲಿ, ಕೆಸರು, ಹಳ್ಳದ ನೀರು ಎದುರಾದರೂ ಮುಂದುವರಿಯಬಲ್ಲ ಬೈಕಿಗೆ ಈ ಹೆಸರು. ಎತ್ತರದ ಸೀಟು, ನೆಲಕ್ಕೂ ಎಂಜಿನ್ನಿನ ತಳಕ್ಕೂ ನಡುವೆ ಧಾರಾಳ ಅಂತರ, ಗುಂಡಿಯ ಪೆಟ್ಟನ್ನು ನುಂಗಿಕೊಳ್ಳುವ ಉದ್ದನೆಯ ಸಸ್ಪೆನ್ಷನ್, ದೊಡ್ಡ ಮುಂದಿನ ಗಾಲಿ ಇದರ ಗುರುತುಗಳು. ಭಾರತದ ಮಾರುಕಟ್ಟೆಯಲ್ಲಿ ಮಧ್ಯಮ ಗಾತ್ರವೆಂದರೆ ಸುಮಾರು 250ರಿಂದ 500 ಸಿಸಿ; ಸಿಸಿ ಎಂಬುದು ಎಂಜಿನ್ನಿನ ಸಿಲಿಂಡರು ಒಳಗೊಳ್ಳುವ ಗಾತ್ರವನ್ನು ಘನ ಸೆಂಟಿಮೀಟರಿನಲ್ಲಿ ಹೇಳುವ ಅಳತೆ. ಹೊಸ ಸವಾರನಿಗೆ ಈ ಬೈಕುಗಳು ಕಷ್ಟ ಕೊಡುವುದು ಓಡುವಾಗಲ್ಲ, ನಿಲ್ಲುವಾಗ. ಆದ್ದರಿಂದ ಆಯ್ಕೆಯ ಮೊದಲ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕು.

ಕೋಲ್ಕತ್ತದ ಉತ್ತರದ ಅಂಚಿನ ಬಾರಾನಗರವನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಮಾತು ಕಣ್ಣಿಗೆ ಕಟ್ಟುತ್ತದೆ. ಶ್ಯಾಮಬಜಾರಿನಿಂದ ಬ್ಯಾರಕ್‌ಪುರದ ಕಡೆಗೆ ಹೋಗುವ, ಜನರ ಬಾಯಲ್ಲಿ ಬಿ.ಟಿ. ರೋಡ್ ಆಗಿರುವ ಬ್ಯಾರಕ್‌ಪುರ ಟ್ರಂಕ್ ರಸ್ತೆ ಇಲ್ಲಿನ ಬೆನ್ನೆಲುಬು. ಬಸ್ಸು, ಲಾರಿ, ಆಟೋ, ಟೋಟೋ ಎಂದು ಕರೆಯಲ್ಪಡುವ ಬ್ಯಾಟರಿ ರಿಕ್ಷಾ, ಸೈಕಲ್ಲು, ತಳ್ಳುಗಾಡಿ ಎಲ್ಲವೂ ಅದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ದಕ್ಷಿಣೇಶ್ವರದ ಕಡೆಗೆ ಹೊರಳುವ ಡನ್‌ಲಪ್ ವೃತ್ತವನ್ನು ಕೆಲಸದ ಹೊತ್ತಿನಲ್ಲಿ ದಾಟಬೇಕಾದ ಸವಾರ ಒಂದನೇ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದು, ನಾಲ್ಕಡಿ ಸರಿದು ನಿಲ್ಲುವುದನ್ನು ಮತ್ತೆಮತ್ತೆ ಮಾಡುತ್ತಾನೆ. ಬಸ್ಸಿಗೆ ಜಾಗ ಬಿಡಲು ಎಡ ಅಂಚಿಗೆ ಸರಿದು ನಿಂತಾಗ ರಸ್ತೆ ಚರಂಡಿಯ ಕಡೆಗೆ ಇಳಿಜಾರಾಗಿರುತ್ತದೆ. ಬಲಗಾಲು ಹಿಂದಿನ ಬ್ರೇಕಿನ ಮೇಲಿರುವುದರಿಂದ ನೆಲಕ್ಕಿಡಬೇಕಾದದ್ದು ಎಡಗಾಲು. ನೆಲವಾದರೋ ಆ ಬದಿಗೇ ಎರಡು ಮೂರು ಅಂಗುಲ ತಗ್ಗಿನಲ್ಲಿದೆ. ಸಮತಟ್ಟಾದ ಶೋರೂಮಿನಲ್ಲಿ ತುದಿಗಾಲು ಮುಟ್ಟಿದ್ದ ಸೀಟು ಇಲ್ಲಿ ಏನೂ ಮುಟ್ಟದ ಎತ್ತರಕ್ಕೆ ಹೋಗಿಬಿಡುತ್ತದೆ. ಮಳೆಗಾಲದಲ್ಲಿ ಅಂಚಿನ ತಗ್ಗು ನೀರಿನಡಿ ಅಡಗಿದ್ದರೆ ಕಾಲು ಎಲ್ಲಿ ಊರುತ್ತದೆ ಎಂಬುದು ಊರಿದ ಮೇಲೆಯೇ ತಿಳಿಯುವುದು.

ಹಾಗೆ ತಿಳಿಯುವ ಒಂದು ಕ್ಷಣದಲ್ಲಿ ಗಾಡಿ ಎಷ್ಟು ವಾಲಿರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ರಾಯಲ್ ಎನ್‌ಫೀಲ್ಡ್ 2023ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ 452 ಸಿಸಿಯ ಹಿಮಾಲಯನ್ ಬೈಕಿನ ತೂಕ 196 ಕಿಲೋ. ಅದರ ಗುರುತ್ವಕೇಂದ್ರ, ಅಂದರೆ ಇಡೀ ತೂಕ ಒಂದೇ ಕಡೆ ಸೇರಿದೆಯೆಂದು ಭಾವಿಸಬಹುದಾದ ಬಿಂದು, ನೆಲದಿಂದ 60 ಸೆಂಟಿಮೀಟರ್ ಮೇಲಿದೆ, ಹ್ಯಾಂಡಲ್ 110 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನೆಟ್ಟಗೆ ನಿಂತ ಗಾಡಿಯನ್ನು ಒಂದು ಬೆರಳಿನಿಂದ ಹಿಡಿಯಬಹುದು. ಐದು ಡಿಗ್ರಿ ವಾಲಿದರೆ ಹ್ಯಾಂಡಲಿನ ಬಳಿ ಸುಮಾರು 9 ಕಿಲೋದಷ್ಟು ಬಲ ಬೇಕು, ಮೂವತ್ತು ಡಿಗ್ರಿಗೆ ಹೋದರೆ ಅದೇ 53 ಕಿಲೋ ಆಗುತ್ತದೆ. ಒಂಬತ್ತು ಕಿಲೋ ಯಾರ ತೋಳಿಗೂ ದಕ್ಕುತ್ತದೆ, ಐವತ್ತಮೂರು ಕೆಲವರಿಗೆ ಮಾತ್ರ. ಇವೆರಡರ ನಡುವಿನ ಅವಕಾಶ ಅರ್ಧ ಸೆಕೆಂಡಿನದು. ಬೇಗ ನೆಲ ಮುಟ್ಟುವ ಕಾಲು ಗಾಡಿಯನ್ನು ಒಂಬತ್ತು ಕಿಲೋದ ಹಂತದಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಪಳಗಿದ ಸವಾರರು ಎತ್ತರದ ಗಾಡಿಯನ್ನು ನಿರಾಯಾಸವಾಗಿ ನಿಲ್ಲಿಸುವುದು ತೋಳ್ಬಲದಿಂದಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಹತ್ತು ಮಾರು ಮುಂಚೆಯೇ ನೋಡಿಕೊಂಡಿರುವುದರಿಂದ. ಹೊಸಬನ ಕಣ್ಣು ಆ ಹೊತ್ತಿನಲ್ಲಿ ಕ್ಲಚ್ಚು, ಗೇರು, ಹಿಂದಿನ ಹಾರ್ನುಗಳ ನಡುವೆ ಹಂಚಿಹೋಗಿರುತ್ತದೆ.

ಶಕ್ತಿಯೇ ಮುಖ್ಯ ಅಪಾಯವೆಂಬ ನಂಬಿಕೆಗೆ ಕಾನೂನಿನ ಕಡೆಯಿಂದಲೂ ಒಂದು ಉತ್ತರವಿದೆ. ಯುರೋಪಿನ ಒಕ್ಕೂಟದಲ್ಲಿ 2013ರ ಜನವರಿಯಿಂದ ಜಾರಿಯಲ್ಲಿರುವ ಪರವಾನಗಿ ವ್ಯವಸ್ಥೆ ಮೆಟ್ಟಿಲುಮೆಟ್ಟಿಲಾಗಿದೆ: ಮೊದಲು 125 ಸಿಸಿ, 11 ಕಿಲೋವಾಟ್ ಮಿತಿಯ ಗಾಡಿಗಳು, ನಂತರ 35 ಕಿಲೋವಾಟ್‌ವರೆಗಿನವು, ಆಮೇಲೆ ಮಿತಿಯಿಲ್ಲದವು. ಹಿಮಾಲಯನ್ನಿನ ಶಕ್ತಿ ಸುಮಾರು 40 ಅಶ್ವಶಕ್ತಿ, ಎಂದರೆ 30 ಕಿಲೋವಾಟ್ ಮುಟ್ಟುವುದಿಲ್ಲ. ಕೆಟಿಎಂ 2020ರಲ್ಲಿ ಭಾರತಕ್ಕೆ ತಂದ 390 ಅಡ್ವೆಂಚರ್ ಕೂಡ 35ರ ಒಳಗೇ ಇದೆ. ಹೀಗಾಗಿ ಕಟ್ಟುನಿಟ್ಟಾದ ಆ ವ್ಯವಸ್ಥೆಯೂ ಎರಡನೆಯ ಮೆಟ್ಟಿಲಿನ ಸವಾರನಿಗೆ ಇವುಗಳನ್ನು ಒಪ್ಪಿಸುತ್ತದೆ. ಭಾರತದಲ್ಲಿ ಅಂಥ ಮೆಟ್ಟಿಲೇ ಇಲ್ಲ. ಹದಿನೆಂಟು ತುಂಬಿದವರು ಕಲಿಕಾ ಪರವಾನಗಿ ಪಡೆದು ಮೂವತ್ತು ದಿನ ಕಳೆದ ಮೇಲೆ, ನೂರು ಸಿಸಿಯ ಗಾಡಿಯಲ್ಲಿ ಪರೀಕ್ಷೆ ಕೊಟ್ಟು ಪಾಸಾದರೂ, ಗೇರುಳ್ಳ ಎಲ್ಲ ಬೈಕುಗಳನ್ನೂ ಓಡಿಸುವ ಅಧಿಕಾರ ಒಮ್ಮೆಗೇ ಕೈಗೆ ಬರುತ್ತದೆ. ಗಾತ್ರದ ಗೆರೆಯೊಂದನ್ನು ತೆರಿಗೆ ಎಳೆದಿದೆ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಶೇ. 18, ಅದಕ್ಕೆ ಮೇಲ್ಪಟ್ಟವುಗಳಿಗೆ ಶೇ. 40 ಜಿಎಸ್‌ಟಿ. ಸವಾರನ ಅನುಭವಕ್ಕೂ ಆ ಗೆರೆಗೂ ಸಂಬಂಧವಿಲ್ಲ. ಕಾನೂನು ಕಟ್ಟಿಕೊಡದ ಮೆಟ್ಟಿಲನ್ನು ಕೊಳ್ಳುವವರು ತಾವೇ ಕಟ್ಟಿಕೊಳ್ಳಬೇಕಾಗಿದೆ.

ಹೀಗೆಂದ ಮಾತ್ರಕ್ಕೆ ಈ ವರ್ಗದ ಬೈಕುಗಳನ್ನು ಹೊಸಬರಿಂದ ದೂರವಿಡಬೇಕೆಂದು ವಾದಿಸುವುದು ನ್ಯಾಯವಾಗದು. ಮಳೆಗಾಲ ಮುಗಿದಾಗ ಕಿತ್ತುಬಂದಿರುವ ರಸ್ತೆಯಲ್ಲಿ 21 ಅಂಗುಲದ ಮುಂದಿನ ಗಾಲಿ, 200 ಮಿಲಿಮೀಟರ್ ಚಲನೆಯ ಸಸ್ಪೆನ್ಷನ್ ಸವಾರನ ಬೆನ್ನನ್ನೂ ಧೈರ್ಯವನ್ನೂ ಉಳಿಸುತ್ತವೆ. ನೆಟ್ಟಗೆ ಕೂರುವ ಭಂಗಿಯಿಂದ ಆಟೋಗಳ ತಲೆಯ ಮೇಲಿಂದ ಮುಂದಿನ ದಾರಿ ಕಾಣುತ್ತದೆ. ಅಗಲವಾದ ಹ್ಯಾಂಡಲ್ ನಿಧಾನದ ವೇಗದಲ್ಲಿ ತಿರುಗಿಸಲು ಹಗುರ. ಬಾಲಿ ಸೇತುವೆ ದಾಟಿ ಪುರುಲಿಯಾದ ಅಯೋಧ್ಯಾ ಬೆಟ್ಟಕ್ಕೋ, ಉತ್ತರಕ್ಕೆ ಹೊರಟು ದಾರ್ಜಿಲಿಂಗಿಗೋ ಹೋಗಬೇಕೆಂಬ ಆಸೆ ಕೂಡ ಕಡೆಗಣಿಸುವಂಥದ್ದಲ್ಲ; ಬೈಕು ಕೊಳ್ಳುವ ಬಹುಪಾಲು ಜನರ ಒಳಗೆ ಆ ದಾರಿಯೊಂದು ಇದ್ದೇ ಇರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ 250 ಸಿಸಿಯ ಜಾವಾ, ಯೆಜ್ಡಿಗಳ ಕಾಲದಲ್ಲಿ ಕಚೇರಿಗೂ ಘಾಟಿಗೂ ಒಂದೇ ಗಾಡಿ ಸಾಕಾಗುತ್ತಿತ್ತು ಎಂಬುದನ್ನು ಮಾತ್ರ ಇಲ್ಲಿ ನೆನಪಿಸಿಕೊಳ್ಳಬೇಕು. ದೂರ ಹೋಗಲು ಎತ್ತರದ ಗಾಡಿಯೇ ಬೇಕೆಂಬುದು ತೀರ ಈಚಿನ ತಿಳಿವಳಿಕೆ.

ಆ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಲು ಬಾರಾನಗರಕ್ಕಿಂತ ತಕ್ಕ ಜಾಗವಿಲ್ಲ. ಬಿ.ಟಿ. ರೋಡಿನ 203ನೇ ನಂಬರಿನಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು 1931ರಲ್ಲಿ ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸರು 1937ರಿಂದ ಮುಂದಕ್ಕೆ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯ ಮೂಲಕ ಅಳೆದರು. ಎಲ್ಲ ಹೊಲಗಳನ್ನೂ ಎಣಿಸದೆ, ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಆರಿಸಿದ ಕೆಲವು ತುಂಡುಗಳಿಂದ ಇಡೀ ಪ್ರಾಂತದ ಅಂದಾಜು ಪಡೆಯುವುದು ಆ ವಿಧಾನ. ರಸ್ತೆಯ ಬದಿಗೆ ಸುಲಭವಾಗಿ ಕಾಣುವ ಹೊಲಗಳನ್ನಷ್ಟೇ ನೋಡಿದರೆ ಅಂದಾಜು ತಪ್ಪುತ್ತದೆ ಎಂಬುದು ಅದರ ಹಿಂದಿನ ವಿವೇಕ. ಬೈಕು ಕೊಳ್ಳುವವರ ಕಿವಿಗೆ ಬೀಳುವ ಅಭಿಪ್ರಾಯಗಳೆಲ್ಲ ರಸ್ತೆ ಬದಿಯ ಹೊಲಗಳೇ. ಲಡಾಖಿಗೆ ಹೋಗಿ ಬಂದವರು ಮಾತನಾಡುತ್ತಾರೆ. ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮೂರು ಸಲ ಗಾಡಿ ಬೀಳಿಸಿಕೊಂಡು ಕಡೆಗೆ ಅದನ್ನು ಮಾರಿದವರು ಸುಮ್ಮನಿರುತ್ತಾರೆ. ಕೊಂಡವರು ತಮ್ಮ ಆಯ್ಕೆಯನ್ನು ಹೊಗಳುವುದು ಸಹಜ. ಸಾಲದ ಕಂತು ಇನ್ನೂ ಉಳಿದಿರುವಾಗಲಂತೂ ಇನ್ನೂ ಸಹಜ.

ಸುಮ್ಮನಿದ್ದವರನ್ನೂ ಲೆಕ್ಕಕ್ಕೆ ತಂದ ಅಧ್ಯಯನವೊಂದು ಅಮೆರಿಕದಲ್ಲಿ ನಡೆದಿದೆ. ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಸುತ್ತಮುತ್ತಲಿನ 900 ಬೈಕು ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅಪಘಾತಕ್ಕೀಡಾದವರಲ್ಲಿ ಶೇ. 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಸರಾಸರಿ ಮೂರು ವರ್ಷದಷ್ಟು ಸವಾರಿಯ ಅನುಭವವಿದ್ದರೂ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಪಘಾತವಾದ ಆ ಬೈಕಿನ ಪರಿಚಯ ಐದು ತಿಂಗಳಿಗಿಂತ ಕಡಿಮೆ. ಎಷ್ಟು ವರ್ಷದ ಸವಾರ ಎಂಬುದರಷ್ಟೇ ಈ ಗಾಡಿಗೆ ಎಷ್ಟು ದಿನದವನು ಎಂಬುದೂ ಮುಖ್ಯವೆಂದಾಯಿತು. ತುರ್ತಿನಲ್ಲಿ ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು, ಮುಂದಿನದನ್ನು ಸಾಕಷ್ಟು ಹಿಡಿಯದೆ ಹೋಗುವುದು ಆ ವರದಿ ಗುರುತಿಸಿದ ಇನ್ನೊಂದು ದೋಷ. ಬ್ರೇಕು ಹಿಡಿದಾಗ ತೂಕ ಮುಂದಕ್ಕೆ ಸರಿಯುವುದರಿಂದ ನೆಲವನ್ನು ಬಿಗಿಯಾಗಿ ಕಚ್ಚುವುದು ಮುಂದಿನ ಟೈರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯಲ್ಲಿ, ಎರಡೂ ಬ್ರೇಕುಗಳನ್ನು ಚೆನ್ನಾಗಿ ಬಳಸಿದವನಿಗೆ ನಿಲ್ಲಲು ಸುಮಾರು 20 ಮೀಟರ್ ಸಾಕು, ಹಿಂದಿನದನ್ನೇ ನೆಚ್ಚಿದವನಿಗೆ 40 ಬೇಕು. ಅಪಾಯ ಕಂಡು ಕೈ ಚಲಿಸುವ ಮೊದಲ ಸೆಕೆಂಡಿನ 17 ಮೀಟರ್ ಇಬ್ಬರಿಗೂ ಸಮಾನ. ಟೈರು ಉರುಳುವುದನ್ನು ಬಿಟ್ಟು ಜಾರದಂತೆ ಬ್ರೇಕಿನ ಒತ್ತಡವನ್ನು ತಾನೇ ಸಡಿಲಿಸಿ ಬಿಗಿಯುವ ಎಬಿಎಸ್ ಎಂಬ ವ್ಯವಸ್ಥೆ 2019ರ ಏಪ್ರಿಲಿನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕುಗಳಿಗೆ ಕಡ್ಡಾಯ. ಆದರೆ ಹಿಡಿಯದ ಬ್ರೇಕಿಗೆ ಅದು ನೆರವಾಗದು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತ 1,68,491 ಜನರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ಸವಾರರಾಗಿದ್ದರು ಎಂಬುದನ್ನು ನೋಡಿದರೆ, ಬೈಕಿನ ಬಣ್ಣಕ್ಕೆ ಕೊಡುವಷ್ಟು ಗಮನವನ್ನಾದರೂ ಬ್ರೇಕಿನ ಅಭ್ಯಾಸಕ್ಕೆ ಕೊಡದಿರುವುದು ದುಃಖದ ಸಂಗತಿ.

ಆದುದರಿಂದ ಕಾಲಿನ ಒಳ ಅಳತೆ 75 ಸೆಂಟಿಮೀಟರಿನ ಆಸುಪಾಸಿನಲ್ಲಿರುವ, ದಿನವೂ ಬಿ.ಟಿ. ರೋಡಿನಲ್ಲಿ ಓಡಾಡುವ ಹೊಸ ಸವಾರನಿಗೆ 855 ಮಿಲಿಮೀಟರ್ ಸೀಟಿನ ಹಳೆಯ ಕೆಟಿಎಂ 390 ಅಡ್ವೆಂಚರ್ ಮೊದಲ ವರ್ಷಕ್ಕೆ ಒಳ್ಳೆಯ ಜೊತೆಗಾರನಲ್ಲ. 160 ಕಿಲೋದ ಒಳಗಿರುವ ಹೀರೋ ಎಕ್ಸ್‌ಪಲ್ಸ್ 200, 167 ಕಿಲೋದ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಇದೇ ಜಾತಿಯ ಗುಣಗಳನ್ನು ಕಡಿಮೆ ತೂಕದಲ್ಲಿ ಕೊಡುತ್ತವೆ. ಸೀಟು ಇವುಗಳಲ್ಲೂ ಎತ್ತರವೇ, ಆದರೆ ವಾಲಿದ ಗಾಡಿ ತೋಳಿನ ಅಳವಿನಲ್ಲಿ ಉಳಿಯುವ ಹೊತ್ತು ಹೆಚ್ಚು. ಹಿಮಾಲಯನ್ನಿನ ಮೇಲೆಯೇ ಮನಸ್ಸು ನಿಂತಿದ್ದರೆ ಸೀಟನ್ನು 805 ಮಿಲಿಮೀಟರಿಗೆ ಇಳಿಸುವ ತಗ್ಗಿನ ಸೀಟು ದೊರೆಯುತ್ತದೆ. ಮೊದಲ ಆರು ತಿಂಗಳು ಹಿಂಬದಿ ಸವಾರರನ್ನು ಕೂರಿಸದೆ, ಡನ್‌ಲಪ್ಪಿನ ದಟ್ಟಣೆಗೆ ಇಳಿಯುವ ಮೊದಲು ಬೆಳಗಿನ ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೊಳ್ಳುವ ಸಹನೆಯೂ ಅದರೊಡನೆ ಬೇಕು.

ಕೊಳ್ಳುವ ಮೊದಲು ಮಾಡಿನೋಡಬೇಕಾದ ಪರೀಕ್ಷೆ ಒಂದಿದೆ. ಶೋರೂಮಿನ ಟೆಸ್ಟ್ ರೈಡಿನಲ್ಲಿ ಅದು ಸಿಗುವುದಿಲ್ಲ, ಅದೇ ಬೈಕಿರುವ ಪರಿಚಿತರ ಒಪ್ಪಿಗೆ ಪಡೆದು ಹುಲ್ಲಿನ ಮೈದಾನದಲ್ಲಿ ಮಾಡಬೇಕು. ಗಾಡಿಯನ್ನು ಇಬ್ಬರು ಹಿಡಿದು ಮೆಲ್ಲಗೆ ಬಲ ಮಗ್ಗುಲಿಗೆ ಮಲಗಿಸಬೇಕು. ಎಂಜಿನ್ ಆಫ್ ಆಗಿರಬೇಕು, ಗಾಲಿ ಉರುಳದಂತೆ ಗೇರಿನಲ್ಲಿರಬೇಕು, ಎತ್ತಿದ ಗಾಡಿ ಆಚೆ ಬದಿಗೆ ಬೀಳದಂತೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟಿರಬೇಕು. ಹ್ಯಾಂಡಲನ್ನು ಪೂರ್ತಿ ಹೊರಳಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿಯನ್ನೂ ಇನ್ನೊಂದರಲ್ಲಿ ಹಿಂದಿನ ಕಂಬಿಯನ್ನೂ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ನಡೆಯಬೇಕು. ಆ 196 ಕಿಲೋ ಒಬ್ಬರಿಂದಲೇ ಎದ್ದು ಸ್ಟ್ಯಾಂಡಿಗೆ ಒರಗಿದರೆ ಗಾಡಿ ಅವರದಾಗಬಹುದು. ಮೂರನೆಯ ಪ್ರಯತ್ನಕ್ಕೂ ಅದು ಮೊಣಕಾಲಿನ ಎತ್ತರ ದಾಟದಿದ್ದರೆ, ಹಗುರವಾದ ಗಾಡಿಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಇದೇ ಮೈದಾನಕ್ಕೆ ಮತ್ತೊಮ್ಮೆ ಬರಬಹುದು.